ಆ ಸೂಕ್ತದ ಮೊದಲರ್ಧ ಎಲ್ಲಿ ಹೋಯ್ತು?

ರಾತ್ರಿ ಒಂಬತ್ತರ ಚರ್ಚೆ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಎಡಕ್ಕೆ ಇಬ್ಬರು, ಬಲಕ್ಕೆ ಇಬ್ಬರು, ಮಧ್ಯೆ ನಾನು. ಎಲ್ಲೋ ಒಂದು ಕಡೆ ಧರ್ಮದ ಹೆಸರಲ್ಲಿ ಹೆಣ ಬಿದ್ದಿರುತ್ತೆ. ಸಂಜೆ ಆರಕ್ಕೆ ಗೆಸ್ಟ್‌ಗಳಿಗೆ ಫೋನ್ ಹೋಗುತ್ತೆ, ಒಂಬತ್ತಕ್ಕೆ ಜಗಳ ಶುರುವಾಗುತ್ತೆ.

ಅಂಥ ಒಂದು ರಾತ್ರಿ ಬಲಗಡೆ ಕೂತಿದ್ದ ಮೌಲವಿಯೊಬ್ಬರು ಒಂದು ಮಾತು ಹೇಳಿದರು. ಒಬ್ಬರ ಕೊಲೆ ಇಡೀ ಮನುಕುಲದ ಕೊಲೆಗೆ ಸಮ ಅಂತ ಕುರ್‌ಆನ್ ಹೇಳುತ್ತೆ, ಹೀಗಿರುವಾಗ ಕೊಲೆಗಾರನನ್ನು ನಮ್ಮವನು ಅಂತ ಯಾಕೆ ಕರೀತೀರಿ ಅಂದರು. ಎಡಗಡೆಯವರು ತಕ್ಷಣ ಮೊಬೈಲ್ ತೆಗೆದು, ಅದರ ಮುಂದಿನ ಸೂಕ್ತ ಓದಿ ನೋಡೋಣ, ಅದರಲ್ಲಿ ಕೈಕಾಲು ಕತ್ತರಿಸೋ ಶಿಕ್ಷೆ ಇದೆ ಅಂದರು. ಆಮೇಲೆ ನಾಲ್ಕೂ ಜನ ಒಟ್ಟಿಗೆ ಮಾತಾಡಿದರು. ಕಿವಿಯಲ್ಲಿ ಪ್ರೊಡ್ಯೂಸರ್ 'ಬಿಡಿ, ಚೆನ್ನಾಗಿ ಹೋಗ್ತಿದೆ' ಅಂತಿದ್ದರು. ಸ್ಕ್ರೀನ್ ಮೇಲೆ ನಾವು ಆ ಸೂಕ್ತದ ಗ್ರಾಫಿಕ್ಸ್ ಪ್ಲೇಟ್ ಹಾಕಿದ್ದೆವು. ದೊಡ್ಡ ಅಕ್ಷರ, ಕಪ್ಪು ಹಿನ್ನೆಲೆ, ಕೆಳಗೆ ಅಧ್ಯಾಯ ಮತ್ತು ಸೂಕ್ತದ ಸಂಖ್ಯೆ.

ಮಾರನೇ ದಿನ ಒಬ್ಬರು ನಿವೃತ್ತ ಗಣಿತದ ಮೇಷ್ಟ್ರು ಫೋನ್ ಮಾಡಿದರು. ಬೈಯಲಿಲ್ಲ. 'ನೋಡಪ್ಪಾ, ನೀನು ಪ್ರಶ್ನೆಪತ್ರಿಕೆಯಲ್ಲಿ ದತ್ತಾಂಶ ಬಿಟ್ಟು ಬರೀ ಪ್ರಶ್ನೆ ಕೊಟ್ಟೆ. ಆ ಸೂಕ್ತ ಶುರುವಾಗೋದೇ ಅಲ್ಲಿಂದ ಅಲ್ಲ. ಮೊದಲರ್ಧ ಎಲ್ಲಿ ಹೋಯ್ತು?' ಅಂತ ಕೇಳಿ ಫೋನ್ ಇಟ್ಟುಬಿಟ್ಟರು.

ನಾನು ತೆಗೆದು ನೋಡಿದೆ. ಕುರ್‌ಆನಿನ 5ನೇ ಅಧ್ಯಾಯ ಅಲ್ ಮಾಇದಾ, 32ನೇ ಸೂಕ್ತ. ಅದು ಆರಂಭವಾಗೋದು ಹೀಗೆ: ಈ ಕಾರಣಕ್ಕಾಗಿಯೇ ನಾವು ಇಸ್ರಾಯೇಲಿನ ಸಂತತಿಗೆ ಈ ವಿಧಿಯನ್ನು ಬರೆದುಕೊಟ್ಟೆವು ಅಂತ ದೇವರೇ ಹೇಳುವ ಮಾತು ಮೊದಲು ಬರುತ್ತೆ. ಅದಾದ ಮೇಲೆ ಕೊಲೆಯ ವಿಷಯ. ಅಂದ್ರೆ ಇಸ್ಲಾಮಿನ ಬಗ್ಗೆ ಟಿವಿಯಲ್ಲಿ ಮಾತಾಡುವಾಗ ಅತಿ ಹೆಚ್ಚು ಬಳಕೆಯಾಗುವ ಈ ಮಾತು, ಕುರ್‌ಆನ್ ಪ್ರಕಾರವೇ, ಮೊದಲು ಯಹೂದಿಗಳಿಗೆ ಕೊಟ್ಟ ಮಾತು. ವಿಳಾಸ ಅಲ್ಲೇ ಬರೆದಿದೆ. ನಾವು ಕವರ್ ಹರಿದು ಬಿಸಾಕಿ ಒಳಗಿನ ಕಾಗದ ಮಾತ್ರ ಓದಿದ್ವಿ.

ನಾವಷ್ಟೇ ಅಲ್ಲ ಬಿಡಿ. 2009ರ ಜೂನ್ 4ರಂದು ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಈಜಿಪ್ಟಿನ ಕೈರೋದಲ್ಲಿ ಮುಸ್ಲಿಂ ಜಗತ್ತನ್ನು ಉದ್ದೇಶಿಸಿ ಮಾಡಿದ ಭಾಷಣದಲ್ಲಿ ಇದೇ ಸೂಕ್ತವನ್ನು ಬಳಸಿದರು. ಅಲ್ಲೂ ಇಸ್ರಾಯೇಲಿನ ಉಲ್ಲೇಖ ಇರಲಿಲ್ಲ. ಇನ್ನೊಂದು ಕಡೆಯಿಂದ ನೋಡಿ. 1993ರ 'ಶಿಂಡ್ಲರ್ಸ್ ಲಿಸ್ಟ್' ಸಿನಿಮಾ ನೋಡಿದವರಿಗೆ ಕೊನೆಯ ಉಂಗುರದ ದೃಶ್ಯ ನೆನಪಿರುತ್ತೆ. ಬದುಕುಳಿದ ಯಹೂದಿ ಕಾರ್ಮಿಕರು ಶಿಂಡ್ಲರ್‌ಗೆ ಚಿನ್ನದ ಉಂಗುರ ಕೊಡ್ತಾರೆ. ಒಂದು ಜೀವ ಉಳಿಸಿದವನು ಇಡೀ ಜಗತ್ತನ್ನೇ ಉಳಿಸಿದಂತೆ ಅನ್ನುವ ಅರ್ಥದ ಮಾತು ಅದರ ಮೇಲೆ ಕೆತ್ತಿರುತ್ತೆ. ಅದು ಯಹೂದಿಗಳ ತಾಲ್ಮುದ್‌ನಿಂದ ಬಂದದ್ದು. ಅದನ್ನು ನೋಡಿ ಕಣ್ಣೀರು ಹಾಕಿದ ಎಷ್ಟು ಜನಕ್ಕೆ ಇದೇ ಮಾತು ಕುರ್‌ಆನಿನಲ್ಲೂ ಇದೆ ಅಂತ ಗೊತ್ತಿತ್ತು?

ಈಗ ಮೂಲಕ್ಕೆ ಹೋಗೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಬನ್ನಿ, ಯಾಕಂದ್ರೆ ಇಡೀ ವಿಷಯದ ಗಂಟು ಇಲ್ಲಿದೆ.

ಯಹೂದಿ ಗುರುಗಳು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದ ಕಾನೂನುಗಳನ್ನು ಕ್ರಿ.ಶ. 200ರ ಆಸುಪಾಸಿನಲ್ಲಿ ಒಟ್ಟುಮಾಡಿದ ಗ್ರಂಥ ಮಿಶ್ನಾ. ಅದರಲ್ಲಿ ಸನ್ಹೆದ್ರಿನ್ ಅಂತ ಒಂದು ಭಾಗ, ನ್ಯಾಯಾಲಯದ ನಿಯಮಗಳದ್ದು. ಅದರ 4ನೇ ಅಧ್ಯಾಯದಲ್ಲಿ, ಮರಣದಂಡನೆ ಆಗಬಹುದಾದ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಲು ಬಂದವರನ್ನು ಹೇಗೆ ಎಚ್ಚರಿಸಬೇಕು ಅಂತ ಇದೆ. ಗಮನಿಸಿ, ಅದು ಉಪದೇಶದ ಜಾಗ ಅಲ್ಲ, ಕಟಕಟೆ. ನ್ಯಾಯಾಧೀಶರು ಸಾಕ್ಷಿಗೆ ಹೇಳಬೇಕಾದದ್ದು ಇಷ್ಟು: ದುಡ್ಡಿನ ವ್ಯಾಜ್ಯದಲ್ಲಿ ಸುಳ್ಳು ಹೇಳಿದರೆ ದುಡ್ಡು ಕೊಟ್ಟು ತೀರಿಸಬಹುದು, ಜೀವದ ವ್ಯಾಜ್ಯದಲ್ಲಿ ಹಾಗಾಗಲ್ಲ, ಸತ್ತವನ ರಕ್ತದ ಜೊತೆಗೆ ಅವನಿಂದ ಹುಟ್ಟಬೇಕಾಗಿದ್ದವರ ರಕ್ತವೂ ನಿನ್ನ ತಲೆಯ ಮೇಲಿರುತ್ತೆ.

ಇದಕ್ಕೆ ಆಧಾರ ಏನು? ಕಾಯಿನ ಮತ್ತು ಹೇಬೆಲರ ಕಥೆ. ಆದಾಮನ ಮಕ್ಕಳು, ಬೈಬಲ್ಲಿನ ಮೊದಲ ಕೊಲೆ. ಆದಿಕಾಂಡದ ಹೀಬ್ರೂ ಮೂಲದಲ್ಲಿ ತಮ್ಮನ 'ರಕ್ತ' ನೆಲದಿಂದ ಕೂಗುತ್ತಿದೆ ಅನ್ನೋ ಕಡೆ ಏಕವಚನ ಇಲ್ಲ, ಬಹುವಚನ ಇದೆ. 'ರಕ್ತಗಳು'. ಗುರುಗಳು ಆ ಒಂದು ವ್ಯಾಕರಣದ ಗುಬುಟು ಹಿಡಿದರು. ಯಾಕೆ ಬಹುವಚನ? ಅವನದ್ದೂ, ಅವನ ಪೀಳಿಗೆಗಳದ್ದೂ. ಅಲ್ಲಿಂದ ಮುಂದಕ್ಕೆ ಹೋಗಿ, ದೇವರು ಆದಾಮನೊಬ್ಬನನ್ನೇ ಮೊದಲು ಯಾಕೆ ಸೃಷ್ಟಿಸಿದ ಅಂತ ಕೇಳಿದರು. ಒಬ್ಬನ ನಾಶ ಇಡೀ ಜಗತ್ತಿನ ನಾಶ ಅಂತ ಗೊತ್ತಾಗಲಿ ಅನ್ನೋದು ಒಂದು ಉತ್ತರ. ಇನ್ನೊಂದು ಉತ್ತರ ನನಗೆ ತುಂಬಾ ಹಿಡಿಸಿತು. ಮುಂದೆ ಯಾರೂ ಇನ್ನೊಬ್ಬರಿಗೆ ನನ್ನಪ್ಪ ನಿನ್ನಪ್ಪನಿಗಿಂತ ದೊಡ್ಡವನು ಅಂತ ಹೇಳಬಾರದು, ಅದಕ್ಕೆ ಎಲ್ಲರಿಗೂ ಒಬ್ಬನೇ ಅಪ್ಪ. ನಮ್ಮ ಒಂಬತ್ತು ಗಂಟೆಯ ಚರ್ಚೆಗಳಲ್ಲಿ ನಡೆಯೋದು ಬಹುಪಾಲು ಅದೇ ಅಲ್ವಾ, ಯಾರಪ್ಪ ದೊಡ್ಡವನು ಅನ್ನೋದು?

ಮಿಶ್ನಾದ ಕೆಲವು ಪ್ರತಿಗಳಲ್ಲಿ 'ಇಸ್ರಾಯೇಲಿನ ಒಂದು ಜೀವ' ಅಂತ ಇದೆ. ಹಳೆಯ ಮುಖ್ಯ ಹಸ್ತಪ್ರತಿಗಳಲ್ಲಿ ಆ ಸೇರ್ಪಡೆ ಇಲ್ಲ, ಬರೀ 'ಒಂದು ಜೀವ' ಅಂತಿದೆ. ಆದಾಮನಿಂದ ಶುರುವಾದ ವಾದ ಅಂದಮೇಲೆ ಅದು ಎಲ್ಲರಿಗೂ ಸೇರಬೇಕು ಅಂತ ನನಗನ್ನಿಸುತ್ತೆ. ಆದಾಮ ಯಹೂದಿ ಅಲ್ಲವಲ್ಲ.

ಈಗ ಕುರ್‌ಆನಿನ ಪುಟ ತೆರೆಯಿರಿ. 5ನೇ ಅಧ್ಯಾಯದ 27ರಿಂದ 31ರವರೆಗಿನ ಸೂಕ್ತಗಳಲ್ಲಿ ಏನಿದೆ? ಆದಮರ ಇಬ್ಬರು ಮಕ್ಕಳ ಕಥೆ. ಹೆಸರಿಲ್ಲ, ಆದರೆ ಅದೇ ಕಥೆ. ಅಣ್ಣ ತಮ್ಮನನ್ನು ಕೊಲ್ತಾನೆ. ಹೆಣ ಏನು ಮಾಡಬೇಕು ಅಂತ ಗೊತ್ತಾಗಲ್ಲ. ದೇವರು ಒಂದು ಕಾಗೆ ಕಳಿಸ್ತಾನೆ, ಅದು ನೆಲ ಕೆದಕಿ ಹೂಳೋದು ಹೇಗೆ ಅಂತ ತೋರಿಸುತ್ತೆ. ಒಂದು ಕಾಗೆಯಷ್ಟು ಬುದ್ಧಿಯೂ ನನಗಿಲ್ಲದೆ ಹೋಯ್ತಲ್ಲ ಅಂತ ಕೊಲೆಗಾರ ಕೊರಗ್ತಾನೆ. ಅದರ ಬೆನ್ನಿಗೇ 32ನೇ ಸೂಕ್ತ: ಈ ಕಾರಣಕ್ಕಾಗಿಯೇ ಇಸ್ರಾಯೇಲರಿಗೆ ನಾವು ವಿಧಿಸಿದ್ದು...

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಲ್ಯಾಬ್ ರೆಕಾರ್ಡ್ ಕಾಪಿ ಹೊಡೆದವರನ್ನು ಮೇಷ್ಟ್ರುಗಳು ಹೇಗೆ ಹಿಡೀತಿದ್ರು ಅಂತ ಚೆನ್ನಾಗಿ ಗೊತ್ತು. ಇಬ್ಬರ ಉತ್ತರ ಸರಿಯಾಗಿ ಒಂದೇ ಇದ್ದರೆ ಏನೂ ಹೇಳೋಕಾಗಲ್ಲ. ಸರಿ ಉತ್ತರ ಎಲ್ಲರಿಗೂ ಒಂದೇ. ಆದರೆ ಇಬ್ಬರ ಗ್ರಾಫಿನಲ್ಲೂ ಒಂದೇ ಜಾಗದಲ್ಲಿ ಅದೇ ವಿಚಿತ್ರ ತಿರುವು ಇದ್ದರೆ? ಆಗ ಎರಡಕ್ಕೂ ಸಂಬಂಧ ಇದೆ ಅಂತ ಅರ್ಥ.

ಕೊಲ್ಲಬೇಡ, ಕದಿಯಬೇಡ, ಸುಳ್ಳಾಡಬೇಡ ಅನ್ನೋದು ಸರಿ ಉತ್ತರದ ಜಾತಿಗೆ ಸೇರಿದ್ದು. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, ಕ್ರಿ.ಪೂ. 3ನೇ ಶತಮಾನದ್ದು. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು ಅಂತ ಬಂಡೆಯ ಮೇಲೆ ಕೊರೆದಿದೆ. ಜೈನರ ಪಂಚವ್ರತ ಇದೆ, ಬೌದ್ಧರ ಪಂಚಶೀಲ ಇದೆ, 12ನೇ ಶತಮಾನದಲ್ಲಿ ಬಸವಣ್ಣನವರು 'ಬೇಡ'ಗಳನ್ನೇ ಪೋಣಿಸಿದ ವಚನ ಇದೆ, ಅದು ನಿಮಗೆಲ್ಲ ಬಾಯಿಪಾಠ. ಇವರ್ಯಾರೂ ಸಿನಾಯ್ ಬೆಟ್ಟದ ಕಡೆ ತಲೆ ಹಾಕಿದವರಲ್ಲ. ಮನುಷ್ಯರು ಒಟ್ಟಿಗೆ ಬಾಳಬೇಕಾದರೆ ಈ ನಿಯಮಗಳಿಗೆ ಬಂದೇ ಬರ್ತಾರೆ. ಹಾಗಾಗಿ ಎರಡು ಗ್ರಂಥಗಳಲ್ಲಿ 'ಕೊಲ್ಲಬೇಡ' ಇದೆ ಅಂತ ತೋರಿಸಿದರೆ ಅದರಿಂದ ಏನೂ ಸಿದ್ಧವಾಗಲ್ಲ.

ಆದರೆ ಆದಮರ ಮಕ್ಕಳ ಕಥೆ, ಅದರ ಬೆನ್ನಿಗೇ ಒಂದು ಜೀವ ಮತ್ತು ಇಡೀ ಮನುಕುಲದ ಲೆಕ್ಕ, ಕೊಂದವನ ಜೊತೆಗೇ ಉಳಿಸಿದವನ ಮಾತು, ಅದೂ ಅದೇ ಕ್ರಮದಲ್ಲಿ! ಇದು ಗ್ರಾಫಿನ ಆ ವಿಚಿತ್ರ ತಿರುವು. ಸಂಬಂಧ ಇದೆ. ಅನುಮಾನವೇ ಇಲ್ಲ.

ಹಾಗಾದ್ರೆ ಕಾಪಿ ಅಂತೀರಾ ಅಂತ ಕೆಲವರು ಈಗಾಗಲೇ ವಾಟ್ಸಾಪ್ ತೆರೆದಿರ್ತೀರಿ. ತಡೀರಿ. ಕದ್ದವನು ಎಲ್ಲಿಂದ ತಂದೆ ಅಂತ ಮೊದಲ ಸಾಲಿನಲ್ಲೇ ಹೇಳ್ತಾನಾ? ಇಲ್ಲಿ ಪಠ್ಯವೇ ಹೇಳುತ್ತಿದೆ, ಇದು ಇಸ್ರಾಯೇಲರಿಗೆ ಕೊಟ್ಟ ವಿಧಿ ಅಂತ. ಅಷ್ಟೇ ಅಲ್ಲ, ಹೊಸದಲ್ಲ ಅನ್ನೋದೇ ಕುರ್‌ಆನಿನ ಹಕ್ಕುಸಾಧನೆ. 46ನೇ ಅಧ್ಯಾಯದ 9ನೇ ಸೂಕ್ತದಲ್ಲಿ, ನಾನು ದೂತರಲ್ಲಿ ಹೊಸಬನೇನಲ್ಲ ಅಂತ ಹೇಳು ಎಂದು ಪ್ರವಾದಿ ಮುಹಮ್ಮದರಿಗೆ ಆದೇಶ ಇದೆ. 42ನೇ ಅಧ್ಯಾಯದ 13ನೇ ಸೂಕ್ತದ ಪ್ರಕಾರ ನೂಹ್, ಇಬ್ರಾಹೀಮ್, ಮೂಸಾ, ಈಸಾ, ಅಂದ್ರೆ ಬೈಬಲ್ಲಿನ ನೋಹ, ಅಬ್ರಹಾಮ, ಮೋಶೆ, ಯೇಸು, ಇವರೆಲ್ಲರಿಗೂ ವಿಧಿಸಿದ ಧರ್ಮವೇ ಇದು. 21ನೇ ಅಧ್ಯಾಯದ 105ನೇ ಸೂಕ್ತವಂತೂ ಝಬೂರ್‌ನಲ್ಲಿ ಹೀಗೆ ಬರೆದಿದ್ದೆವು ಅಂತ ಹೆಸರು ಹಿಡಿದೇ ಹೇಳುತ್ತೆ: ಭೂಮಿಗೆ ಸಜ್ಜನರು ವಾರಸುದಾರರಾಗ್ತಾರೆ ಅಂತ. ಝಬೂರ್ ಅಂದ್ರೆ ದಾವೀದನ ಕೀರ್ತನೆಗಳು. ಬೈಬಲ್ಲಿನ 37ನೇ ಕೀರ್ತನೆಯ 29ನೇ ವಚನದಲ್ಲಿ ಆ ಮಾತು ಇವತ್ತಿಗೂ ಇದೆ, ಹೋಗಿ ನೋಡಬಹುದು.

ನಂಬುವ ಮುಸ್ಲಿಮರ ಉತ್ತರ ಸರಳ. ಕಳಿಸಿದವನು ಒಬ್ಬನೇ, ಹಾಗಾಗಿ ಕಾಗದಗಳು ಹೋಲುತ್ತವೆ. ಎಲ್ಲಿ ಹೋಲುವುದಿಲ್ಲವೋ ಅಲ್ಲಿ ಹಿಂದಿನ ಕಾಗದ ಕೈಬದಲಾಗುವಾಗ ಕೆಟ್ಟಿದೆ ಅಂತ ಅವರ ನಂಬಿಕೆ. ಯಹೂದಿಗಳು, ಕ್ರೈಸ್ತರು ಇದನ್ನು ಒಪ್ಪಲ್ಲ, ಒಪ್ಪಬೇಕು ಅಂತ ನಿರೀಕ್ಷಿಸೋದೂ ತಪ್ಪು. ಇತಿಹಾಸಕಾರರ ದಾರಿ ಬೇರೆ. 1833ರಲ್ಲಿ ಅಬ್ರಹಾಂ ಗೈಗರ್ ಅನ್ನೋ ತರುಣ ಜರ್ಮನ್ ಯಹೂದಿ ವಿದ್ವಾಂಸ, ಮುಹಮ್ಮದರು ಯಹೂದಿ ಧರ್ಮದಿಂದ ಏನನ್ನು ತೆಗೆದುಕೊಂಡರು ಅನ್ನೋ ಪ್ರಶ್ನೆಯನ್ನೇ ಶೀರ್ಷಿಕೆ ಮಾಡಿ ಪುಸ್ತಕ ಬರೆದ. ಆಗಿನ ವಿದ್ವತ್ತು 'ತೆಗೆದುಕೊಂಡದ್ದು' ಅನ್ನೋ ಕನ್ನಡಕದಲ್ಲೇ ನೋಡ್ತಿತ್ತು. ಈಗ ಬರ್ಲಿನ್‌ನ ಏಂಜೆಲಿಕಾ ನಾಯ್‌ವಿರ್ಟ್ ಅವರಂಥ ವಿದ್ವಾಂಸರು ಬೇರೆ ಥರ ಹೇಳ್ತಾರೆ. 7ನೇ ಶತಮಾನದ ಅರೇಬಿಯಾ ಒಂದು ದ್ವೀಪ ಆಗಿರಲಿಲ್ಲ. ಮದೀನಾದಲ್ಲಿ ಯಹೂದಿ ಬುಡಕಟ್ಟುಗಳಿದ್ದವು, ನಜ್ರಾನ್‌ನಲ್ಲಿ ಕ್ರೈಸ್ತರಿದ್ದರು. ಈ ಕಥೆಗಳು, ಈ ನಿಯಮಗಳು ಸಂತೆಯಲ್ಲಿ, ಪ್ರಯಾಣದಲ್ಲಿ ಎಲ್ಲರ ಬಾಯಲ್ಲೂ ಇದ್ದವು. ಕುರ್‌ಆನ್ ಆ ಮಾತುಕತೆಗೆ ಕೂತು ತನ್ನ ಉತ್ತರ ಕೊಡುತ್ತಿದೆ ಅನ್ನೋದು ಇವರ ಓದು.

ನಮಗೆ ಇದು ಅರ್ಥ ಆಗೋಕೆ ದೂರ ಹೋಗಬೇಕಿಲ್ಲ. 2025ರಲ್ಲಿ ಕನ್ನಡ ತಮಿಳಿನಿಂದ ಹುಟ್ಟಿದ್ದು ಅಂತ ಒಬ್ಬ ಖ್ಯಾತ ನಟರು ಅಂದಾಗ ನಾವು ಎಷ್ಟು ದಿನ ಚರ್ಚೆ ಮಾಡಿದ್ವಿ! ಆಗ ಭಾಷಾಶಾಸ್ತ್ರ ಗೊತ್ತಿರೋರು ಏನು ಹೇಳಿದ್ರು? ಅವರ 'ಪಾಲ್' ನಮ್ಮ 'ಹಾಲು', ಯಾರೂ ಯಾರಿಂದಲೂ ಕದ್ದಿಲ್ಲ, ಎರಡಕ್ಕೂ ಒಂದು ಹಳೆಯ ಮನೆ ಇದೆ ಅಂತ. ಹೀಬ್ರೂ ಮತ್ತು ಅರಬ್ಬಿ ಕೂಡ ಹಾಗೇ ಒಡಹುಟ್ಟಿದ ಭಾಷೆಗಳು. ಅವರ ದಾನ 'ತ್ಸೆದಾಕಾ', ಇವರ ದಾನ 'ಸದಕಾ'. ಅವರ ಬಡ್ಡಿ 'ರಿಬ್ಬಿತ್', ಇವರ ಬಡ್ಡಿ 'ರಿಬಾ'.

ಸರಿ, ಪಟ್ಟಿಗೆ ಬರೋಣ. ಮೋಶೆಯ ದಶಾಜ್ಞೆಗಳು ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿವೆ, ಸಣ್ಣ ವ್ಯತ್ಯಾಸದೊಂದಿಗೆ ಧರ್ಮೋಪದೇಶಕಾಂಡದ 5ರಲ್ಲಿ ಇನ್ನೊಮ್ಮೆ ಬರುತ್ತವೆ. ಹತ್ತು ಅಂತ ಎಲ್ಲರೂ ಒಪ್ಪಿದರೂ ಎಲ್ಲಿ ಕತ್ತರಿಸಿ ಹತ್ತು ಮಾಡಬೇಕು ಅನ್ನೋದರಲ್ಲಿ ಯಹೂದಿಗಳು, ಕ್ಯಾಥೊಲಿಕರು, ಪ್ರಾಟೆಸ್ಟೆಂಟರು ಇವತ್ತಿಗೂ ಬೇರೆ ಬೇರೆ. ಕುರ್‌ಆನಿನಲ್ಲಿ ಇದಕ್ಕೆ ಹತ್ತಿರದ ಪಟ್ಟಿ ಎರಡು ಕಡೆ ಇದೆ. 6ನೇ ಅಧ್ಯಾಯದ 151ರಿಂದ 153ರವರೆಗೆ ಚಿಕ್ಕದು, 17ನೇ ಅಧ್ಯಾಯದ 22ರಿಂದ 39ರವರೆಗೆ ದೊಡ್ಡದು. ಈ 17ನೇ ಅಧ್ಯಾಯದ ಹೆಸರು ಅಲ್ ಇಸ್ರಾ. ಅದಕ್ಕೆ ಇನ್ನೊಂದು ಹೆಸರಿದೆ, ನಮ್ಮ ದೇಶದಲ್ಲಿ ಅಚ್ಚಾದ ಎಷ್ಟೋ ಪ್ರತಿಗಳಲ್ಲಿ ಆ ಹೆಸರೇ ಇರುತ್ತೆ: ಬನೀ ಇಸ್ರಾಈಲ್. ಇಸ್ರಾಯೇಲಿನ ಮಕ್ಕಳು! ಅಧ್ಯಾಯದ 2ನೇ ಸೂಕ್ತದಲ್ಲೇ ಮೂಸಾಗೆ ಗ್ರಂಥ ಕೊಟ್ಟ ಮಾತು ಬರುತ್ತೆ.

ಒಬ್ಬನೇ ದೇವರು, ತಂದೆತಾಯಿ, ಕೊಲೆ, ವ್ಯಭಿಚಾರ. ಇವೆಲ್ಲ ಎರಡೂ ಕಡೆ ಇವೆ. ತಂದೆತಾಯಿಯ ಆಜ್ಞೆಯನ್ನು ಮಾತ್ರ ಸ್ವಲ್ಪ ನೋಡಿ. ಮೋಶೆಯ ಆಜ್ಞೆ ಗೌರವಿಸು ಅನ್ನುತ್ತೆ, ಹಾಗೆ ಮಾಡಿದರೆ ನಿನಗೆ ದೀರ್ಘಾಯುಸ್ಸು ಅಂತ ಭರವಸೆ ಕೊಡುತ್ತೆ. ಕುರ್‌ಆನ್ ಮನೆಯೊಳಗೇ ಬಂದು ಕೂರುತ್ತೆ. ಅವರಿಗೆ ನಿನ್ನ ಹತ್ತಿರ ಇರುವಾಗ ವಯಸ್ಸಾದರೆ 'ಉಫ್' ಅಂತ ಕೂಡ ಅನ್ನಬೇಡ ಅನ್ನುತ್ತೆ. ಒಂದೇ ಮಾತು ನಾಲ್ಕು ಸಲ ಕೇಳಿದ ಅಪ್ಪನಿಗೆ ನಾವು ಬಿಡೋ ಆ ಉಸಿರು ಇದೆಯಲ್ಲ, ಅದು. ಸುವಾರ್ತೆಯಲ್ಲಿ ಯೇಸು ಇದೇ ಆಜ್ಞೆಯ ಬಗ್ಗೆ ಒಂದು ಕಳ್ಳದಾರಿ ಹಿಡಿದು ತೋರಿಸ್ತಾನೆ. ಅಪ್ಪ ಅಮ್ಮನಿಗೆ ಕೊಡಬೇಕಾದ ದುಡ್ಡನ್ನು ಇದು ದೇವರಿಗೆ ಮೀಸಲು, 'ಕೊರ್ಬಾನ್' ಅಂತ ಘೋಷಿಸಿ ಕೈತೊಳೆದುಕೊಳ್ಳೋರನ್ನು ಝಾಡಿಸ್ತಾನೆ. ಕುರ್ಬಾನಿ ಅನ್ನೋ ಪದ ನಿಮಗೆ ಗೊತ್ತು. ಇದು ಅದರ ಹೀಬ್ರೂ ಅಕ್ಕ.

ತೂಕದ ಆಜ್ಞೆ ನನಗೆ ಪ್ರಿಯ, ಇಂಜಿನಿಯರ್ ನೋಡಿ. ದಶಾಜ್ಞೆಯಲ್ಲಿ ಅದಿಲ್ಲ, ಆದರೆ ಧರ್ಮೋಪದೇಶಕಾಂಡದ 25ರಲ್ಲಿದೆ: ಚೀಲದಲ್ಲಿ ಒಂದು ದೊಡ್ಡ, ಒಂದು ಚಿಕ್ಕ ಎರಡು ಬಗೆಯ ತೂಕದಕಲ್ಲು ಇಟ್ಟುಕೊಳ್ಳಬಾರದು. ಎರಡು ಯಾಕೆ? ಕೊಳ್ಳೋಕೆ ಒಂದು, ಮಾರೋಕೆ ಒಂದು. ಕುರ್‌ಆನಿನ 83ನೇ ಅಧ್ಯಾಯದ ಹೆಸರೇ ಅಲ್ ಮುತಫ್ಫಿಫೀನ್, ಅಂದ್ರೆ ಅಳತೆಯಲ್ಲಿ ಮೋಸ ಮಾಡೋರು. ಇನ್ನೊಬ್ಬರಿಂದ ತಗೊಳ್ಳುವಾಗ ಪೂರ್ತಿ ಅಳೆದುಕೊಂಡು, ಕೊಡುವಾಗ ಕಡಿಮೆ ಕೊಡೋರಿಗೆ ಕೇಡು ಅಂತ ಆರಂಭ. ಅದೇ ಎರಡು ಕಲ್ಲು! ಮಿದ್ಯಾನ್ ಊರಿನ ಜನರ ಬಳಿಗೆ ಶುಐಬ್ ಅನ್ನೋ ಪ್ರವಾದಿ ಹೋಗಿದ್ದು ಮುಖ್ಯವಾಗಿ ಈ ದೂರಿನ ಮೇಲೇ. ಮೋಶೆ ಈಜಿಪ್ಟಿನಿಂದ ತಪ್ಪಿಸಿಕೊಂಡು ಬಂದು ನೆಲೆಸಿದ್ದೂ ಮಿದ್ಯಾನಿನಲ್ಲೇ.

ಬಡ್ಡಿಯ ವಿಷಯ ಇನ್ನೂ ಸ್ವಾರಸ್ಯ. ಬಡವನಿಗೆ ಸಾಲ ಕೊಟ್ಟು ಬಡ್ಡಿ ಕೇಳಬೇಡ ಅಂತ ವಿಮೋಚನಕಾಂಡ 22ರಲ್ಲಿದೆ. ಅಡವಿಟ್ಟುಕೊಂಡ ಹೊದಿಕೆಯನ್ನು ಸೂರ್ಯ ಮುಳುಗೋದರೊಳಗೆ ವಾಪಸ್ ಕೊಡು, ರಾತ್ರಿ ಅವನು ಇನ್ನೇನು ಹೊದ್ದು ಮಲಗ್ತಾನೆ ಅಂತ ಅಲ್ಲೇ ಕೇಳುತ್ತೆ. ಧರ್ಮೋಪದೇಶಕಾಂಡ ಮಾತ್ರ ಪರದೇಶದವನಿಂದ ಬಡ್ಡಿ ತಗೊಳ್ಳಬಹುದು ಅಂತ ಒಂದು ಬಾಗಿಲು ತೆರೆದಿಡುತ್ತೆ. ಕುರ್‌ಆನ್ ಆ ಬಾಗಿಲು ಮುಚ್ಚಿತು. 4ನೇ ಅಧ್ಯಾಯದಲ್ಲಿ, ನಿಷೇಧ ಇದ್ದೂ ಬಡ್ಡಿ ತಗೊಂಡರು ಅಂತ ಯಹೂದಿಗಳ ಮೇಲೆ ಆಕ್ಷೇಪವನ್ನೂ ಮಾಡುತ್ತೆ. ಅಂದ್ರೆ ಆಜ್ಞೆ ನಿಮ್ಮದೇ, ನೀವೇ ಪಾಲಿಸಲಿಲ್ಲ ಅನ್ನೋ ಧಾಟಿ. 2ನೇ ಅಧ್ಯಾಯದಲ್ಲಿ ಸಾಲಗಾರ ಕಷ್ಟದಲ್ಲಿದ್ದರೆ ಅವನ ಕೈ ಸುಧಾರಿಸೋವರೆಗೆ ಕಾಯಿರಿ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಅಂತಿದೆ. ಕ್ರೈಸ್ತ ಚರ್ಚ್ ಕೂಡ 1179ರ ಮೂರನೇ ಲ್ಯಾಟೆರನ್ ಸಭೆಯಲ್ಲಿ ಬಡ್ಡಿಕೋರ ಅಂತ ಊರಿಗೇ ಗೊತ್ತಿರೋರಿಗೆ ಕ್ರೈಸ್ತ ವಿಧಿಯ ಸಮಾಧಿಯನ್ನೇ ನಿರಾಕರಿಸಿತು.

ಮೂರೂ ಮನೆಯಲ್ಲಿ ಮುಂಬಾಗಿಲು ಹಾಕಿದರು. ಹಿತ್ತಲ ಬಾಗಿಲು? ಯಹೂದಿಗಳಲ್ಲಿ 'ಹೆತೇರ್ ಇಸ್ಕಾ' ಅನ್ನೋ ಕರಾರು ಇದೆ, ಸಾಲವನ್ನು ಪಾಲುದಾರಿಕೆ ಅಂತ ಬರೆದುಕೊಳ್ಳೋದು. ಇಸ್ರೇಲಿನ ಬ್ಯಾಂಕುಗಳು ಇವತ್ತಿಗೂ ಅದನ್ನು ಬಳಸುತ್ತವೆ. ಇಸ್ಲಾಮಿ ಬ್ಯಾಂಕುಗಳಲ್ಲಿ 'ಮುರಾಬಹಾ'. ನಿಮಗೆ ಬೇಕಾದ ವಸ್ತುವನ್ನು ಬ್ಯಾಂಕೇ ಕೊಂಡು, ಲಾಭ ಸೇರಿಸಿ ಕಂತಿನಲ್ಲಿ ನಿಮಗೆ ಮಾರುತ್ತೆ. ಇದು ಜಾಣ ವ್ಯವಸ್ಥೆಯೋ ನೆಪವೋ ಅಂತ ಆಯಾ ಧರ್ಮದ ಪಂಡಿತರೇ ಜಗಳ ಆಡ್ತಾರೆ, ನಾನು ಮಧ್ಯೆ ಬರಲ್ಲ. ಕ್ರೈಸ್ತ ಯುರೋಪಂತೂ ಕಾಲಕ್ರಮೇಣ ಬಾಗಿಲನ್ನೇ ಕಿತ್ತು ಹಾಕಿತು. ಆಜ್ಞೆ ಹಂಚಿಕೊಂಡವರು ತಪ್ಪಿಸಿಕೊಳ್ಳೋ ಬುದ್ಧಿಯನ್ನೂ ಹಂಚಿಕೊಂಡಿದ್ದಾರೆ.

ಇನ್ನು ಹೋಲದಿರೋದು. ಅದನ್ನು ಮುಚ್ಚಿಟ್ಟರೆ ನಾನೂ ಅರ್ಧ ಪ್ಲೇಟ್ ಹಾಕಿದ ಹಾಗೆ.

ದಶಾಜ್ಞೆಯಲ್ಲಿ ಅತಿ ಉದ್ದದ ಆಜ್ಞೆಗಳಲ್ಲಿ ಒಂದು ಸಬ್ಬತ್, ಏಳನೇ ದಿನ ಯಾವ ಕೆಲಸವೂ ಬೇಡ ಅನ್ನೋದು. ಕುರ್‌ಆನಿನ ಪಟ್ಟಿಗಳಲ್ಲಿ ಅದಿಲ್ಲ. ಸಬ್ಬತ್ ಅವರಿಗೆ ವಿಧಿಸಿದ್ದು ಅಂತ ಪಕ್ಕಕ್ಕಿಡುತ್ತೆ. ಶುಕ್ರವಾರ ಮುಸ್ಲಿಮರ ಸಬ್ಬತ್ ಅಂತ ತುಂಬ ಜನ ತಿಳಿದಿದ್ದಾರೆ. ಅಲ್ಲ. 62ನೇ ಅಧ್ಯಾಯದ ಪ್ರಕಾರ ಕರೆ ಬಂದಾಗ ವ್ಯಾಪಾರ ಬಿಟ್ಟು ನಮಾಝಿಗೆ ಬನ್ನಿ, ಮುಗಿದ ಮೇಲೆ ಮತ್ತೆ ಹೊರಟು ಸಂಪಾದನೆ ನೋಡಿಕೊಳ್ಳಿ. ಹಿಂದೆ ಒಂದು ತಾತ್ವಿಕ ಕಾರಣವೂ ಕಾಣುತ್ತೆ. ವಿಮೋಚನಕಾಂಡದಲ್ಲಿ ದೇವರು ಆರು ದಿನ ಸೃಷ್ಟಿ ಮಾಡಿ ಏಳನೇ ದಿನ ವಿಶ್ರಮಿಸಿದ, ಅದಕ್ಕೇ ಸಬ್ಬತ್. ಕುರ್‌ಆನ್ ಆರು ದಿನ ಒಪ್ಪುತ್ತೆ, ಆದರೆ ದೇವರಿಗೆ ಆಯಾಸ ತಟ್ಟಲೇ ಇಲ್ಲ ಅಂತ ಒತ್ತಿ ಹೇಳುತ್ತೆ.

ಕುರ್‌ಆನಿನ ಪಟ್ಟಿಯಲ್ಲಿ ಇದ್ದು, ಮೋಶೆಯ ಹತ್ತರಲ್ಲಿ ಇಲ್ಲದ್ದೂ ಇದೆ. ಬಡತನದ ಭಯಕ್ಕೆ ಮಕ್ಕಳನ್ನು ಕೊಲ್ಲಬೇಡಿ, ನಿಮಗೂ ಅವರಿಗೂ ಅನ್ನ ಕೊಡೋರು ನಾವು ಅಂತ. ಅಂದಿನ ಅರೇಬಿಯಾದಲ್ಲಿ ಹೆಣ್ಣುಕೂಸನ್ನು ಜೀವಂತ ಹೂಳೋದಿತ್ತು. 81ನೇ ಅಧ್ಯಾಯದಲ್ಲಿ ಕೊನೆಯ ತೀರ್ಪಿನ ದಿನ ಆ ಮಗುವನ್ನೇ ಎಬ್ಬಿಸಿ, ನಿನ್ನನ್ನು ಯಾವ ತಪ್ಪಿಗೆ ಕೊಂದರು ಅಂತ ಕೇಳಲಾಗುತ್ತೆ. ಕೊಂದವನನ್ನಲ್ಲ, ಕೂಸನ್ನು ಕೇಳಲಾಗುತ್ತೆ. ಸ್ಕ್ಯಾನಿಂಗ್ ಸೆಂಟರ್‌ಗಳ ಗೋಡೆಯ ಮೇಲೆ ಭ್ರೂಣಲಿಂಗ ಪತ್ತೆ ಅಪರಾಧ ಅಂತ ಇವತ್ತಿಗೂ ಬರೆಸಬೇಕಾಗಿರೋ ನಾಡಿನವರು ನಾವು, ಆ ಕಾಲದ ಅರಬರ ಬಗ್ಗೆ ಜಾಸ್ತಿ ಮಾತಾಡೋದು ಬೇಡ.

ಶಿಕ್ಷೆಗಳಲ್ಲೂ ದಾರಿ ಬೇರೆಯಾಗುತ್ತೆ. ಕದಿಯಬೇಡ ಅನ್ನೋದು ಎರಡೂ ಕಡೆ ಇದೆ. ಕದ್ದರೆ? ವಿಮೋಚನಕಾಂಡದಲ್ಲಿ ಎತ್ತು ಕದ್ದು ಕೊಯ್ದರೆ ಅಥವಾ ಮಾರಿದರೆ ಐದು ಎತ್ತು, ಕುರಿಗೆ ನಾಲ್ಕು ಕುರಿ ದಂಡ. ಕುರ್‌ಆನಿನಲ್ಲಿ ಕೈ ಕತ್ತರಿಸೋ ವಿಧಿ. ಬರಗಾಲದ ವರ್ಷ ಎರಡನೇ ಖಲೀಫ ಉಮರ್ ಆ ಶಿಕ್ಷೆಯನ್ನು ತಡೆಹಿಡಿದರು ಅಂತ ಇಸ್ಲಾಮಿ ಪರಂಪರೆ ಹೇಳುತ್ತೆ. ಹಾಗಂತ ಮೋಶೆಯ ಕಾನೂನು ಮೃದು ಅಂದುಕೊಳ್ಳಬೇಡಿ. ಸಬ್ಬತ್ ದಿನ ಕೆಲಸ ಮಾಡಿದವನಿಗೆ ಮರಣದಂಡನೆ ಅದೇ ವಿಮೋಚನಕಾಂಡದಲ್ಲಿದೆ. ಕಣ್ಣಿಗೆ ಕಣ್ಣು ಅನ್ನೋದು ತೋರಾದಲ್ಲಿದೆ, ಅದಕ್ಕೂ ಮೊದಲು ಕ್ರಿ.ಪೂ. 18ನೇ ಶತಮಾನದ ಬ್ಯಾಬಿಲೋನಿನ ಹಮ್ಮುರಾಬಿಯ ಶಾಸನದಲ್ಲಿದೆ. ಆ ಕಲ್ಲು ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಕುರ್‌ಆನ್ 5ನೇ ಅಧ್ಯಾಯದ 45ರಲ್ಲಿ ಇದನ್ನು ತೌರಾತ್‌ನಲ್ಲಿ ವಿಧಿಸಿದ್ದೆವು ಅಂತ ಹೆಸರು ಹೇಳಿ ಉಲ್ಲೇಖಿಸುತ್ತೆ, ಜೊತೆಗೆ ಯಾರು ಕ್ಷಮಿಸಿ ಬಿಡುತ್ತಾರೋ ಅದು ಅವರ ಪಾಪಕ್ಕೆ ಪರಿಹಾರ ಅಂತ ಸೇರಿಸುತ್ತೆ. ಯೇಸು ಬೆಟ್ಟದ ಪ್ರಸಂಗದಲ್ಲಿ ಇನ್ನೊಂದು ತುದಿಗೆ ಹೋಗಿ, ಇನ್ನೊಂದು ಕೆನ್ನೆ ತೋರಿಸು ಅನ್ನುತ್ತಾನೆ. ಒಂದೇ ನಿಯಮಕ್ಕೆ ಮೂವರ ಮೂರು ಟಿಪ್ಪಣಿ.

ಮತ್ತೆ ಆ 32ನೇ ಸೂಕ್ತಕ್ಕೆ ಬರ್ತೀನಿ, ಅಲ್ಲಿ ಬಾಕಿ ಇದೆ. ಅಂದು ಬಲಗಡೆಯವರು ಬಿಟ್ಟದ್ದು ಇಸ್ರಾಯೇಲಿನ ಹೆಸರನ್ನು ಮಾತ್ರ ಅಲ್ಲ. ಕೊಲೆಗೆ ಪ್ರತಿಯಾಗಿ ಅಥವಾ ನಾಡಿನಲ್ಲಿ ಕ್ಷೋಭೆ ಹರಡಿದ್ದಕ್ಕಾಗಿ ಅಲ್ಲದೆ ಯಾರನ್ನಾದರೂ ಕೊಂದರೆ ಅಂತ ಅಲ್ಲಿ ಷರತ್ತು ಇದೆ. ಈ ಎರಡು ಅಪವಾದಗಳನ್ನೂ ಅವರು ನುಂಗಿದ್ದರು. ನ್ಯಾಯಾಲಯದ ಮರಣದಂಡನೆಗೆ ಜಾಗ ಬಿಟ್ಟು ಬರೆದ ವಾಕ್ಯ ಅದು, ಮಿಶ್ನಾದ ಮಾತು ಹುಟ್ಟಿದ್ದೂ ಮರಣದಂಡನೆಯ ಕೋರ್ಟಿನಲ್ಲೇ ಅನ್ನೋದು ನೆನಪಿರಲಿ. ಎಡಗಡೆಯವರು ಓದಿದ 33ನೇ ಸೂಕ್ತದ ಕಠೋರ ಶಿಕ್ಷೆಗಳು ನಿಜ. ಅದು ಬಂಡೆದ್ದು ನಾಡಿನಲ್ಲಿ ಕ್ಷೋಭೆ ಎಬ್ಬಿಸೋರಿಗೆ, ಹಳೆಯ ವ್ಯಾಖ್ಯಾನಕಾರರ ಓದಿನಲ್ಲಿ ಮುಖ್ಯವಾಗಿ ದಾರಿಹೋಕರನ್ನು ಸುಲಿದು ಕೊಲ್ಲೋರಿಗೆ. ಅದರ ಬೆನ್ನಿಗಿರೋ 34ನೇ ಸೂಕ್ತ, ಸಿಕ್ಕಿಬೀಳೋ ಮೊದಲೇ ಪಶ್ಚಾತ್ತಾಪ ಪಟ್ಟವರನ್ನು ಬಿಟ್ಟುಬಿಡಿ ಅನ್ನುತ್ತೆ. ಅದನ್ನು ಅವರು ಓದಲಿಲ್ಲ. ಇಬ್ಬರ ಕೈಯಲ್ಲೂ ಒಂದೇ ಪುಟ ಇತ್ತು. ಒಬ್ಬರು ಮೇಲಿಂದ ಹರಿದರು, ಇನ್ನೊಬ್ಬರು ಕೆಳಗಿಂದ. ಮಧ್ಯೆ ಕೂತು ಅದನ್ನು ದೊಡ್ಡ ಅಕ್ಷರದಲ್ಲಿ ತೋರಿಸಿದವನು ನಾನು.

ಅದೇ ಅಧ್ಯಾಯದ 48ನೇ ಸೂಕ್ತವನ್ನು ಅವತ್ತು ಯಾರೂ ತೆಗೆಯಲಿಲ್ಲ. ತೋರಾ, ಸುವಾರ್ತೆಗಳ ಪ್ರಸ್ತಾಪ ಮುಗಿಸಿ, ನಿಮ್ಮಲ್ಲಿ ಪ್ರತಿಯೊಂದು ಸಮುದಾಯಕ್ಕೂ ಒಂದು ಕಾನೂನು, ಒಂದು ದಾರಿ ಕೊಟ್ಟಿದ್ದೇವೆ, ದೇವರು ಬಯಸಿದ್ದರೆ ನಿಮ್ಮೆಲ್ಲರನ್ನೂ ಒಂದೇ ಸಮುದಾಯ ಮಾಡಬಹುದಿತ್ತು, ಒಳ್ಳೆಯ ಕೆಲಸದಲ್ಲಿ ಪೈಪೋಟಿ ಮಾಡಿ ಅನ್ನೋ ಅರ್ಥದಲ್ಲಿ ಅದು ಹೇಳುತ್ತೆ. ಭಿನ್ನಾಭಿಪ್ರಾಯದ ತೀರ್ಮಾನ ದೇವರ ಬಳಿಗೆ ಹೋದಮೇಲೆ. ಅಂದ್ರೆ ರಾತ್ರಿ ಒಂಬತ್ತರಿಂದ ಹತ್ತರೊಳಗೆ ಅಲ್ಲ.

ಮೇಷ್ಟ್ರ ನಂಬರ್‌ಗೆ ನಾನು ವಾಪಸ್ ಫೋನ್ ಮಾಡಿದೆ. ಸಿಕ್ಕಿತು ಸರ್, ಮೊದಲರ್ಧ ಅಂದೆ. 'ಯಾವ ಕಡೆ ಇತ್ತಪ್ಪಾ?' ಅಂದರು. ಎರಡೂ ಕಡೆ ಇತ್ತು ಅಂದೆ. ನಕ್ಕರು.

ಮುಂದಿನ ಸಲ ಇಂಥದ್ದೇ ಚರ್ಚೆ ಬಂದಾಗ ನಾನು ಗ್ರಾಫಿಕ್ಸ್ ಹುಡುಗನ ಹತ್ತಿರ ಹೋಗಿ ಸೂಕ್ತದ ಅರ್ಥವನ್ನು ಪೂರ್ತಿ ಹಾಕು ಅಂದೆ. ಇಸ್ರಾಯೇಲಿನ ಮಾತು, ಷರತ್ತು, ಉಳಿಸಿದವನ ಮಾತು, ಎಲ್ಲವೂ. ಅವನ ಮುಖ ಸಪ್ಪಗಾಯಿತು. 'ಸರ್, ಏಳು ಲೈನ್ ಆಗುತ್ತೆ. ಸ್ಕ್ರೀನಲ್ಲಿ ಹಿಡಿಯಲ್ಲ.'

ಅಕ್ಷರ ಚಿಕ್ಕದು ಮಾಡು ಅಂದೆ.